ಭಾಷೆ ಇಲ್ಲ ಎಂದು ಬರೆದ ಕಾಗದ

ನನ್ನ ಮಗಳಿಗೆ ಆರು ವರ್ಷ. ಬೆಳಿಗ್ಗೆ ಎದ್ದವಳು ಹಲ್ಲುಜ್ಜುವ ಮೊದಲೇ ಹರಟೆ ಶುರು ಮಾಡುತ್ತಾಳೆ. ಬ್ರಷ್ ಒಂದು ಕೈಯಲ್ಲಿ, ಮಾತು ಇನ್ನೊಂದು ಕೈಯಲ್ಲಿ. ಒಂದೇ ಕೈಯಲ್ಲಿ ಮಾತಾಡಿ ಅರ್ಧ ನುಂಗಬೇಡ ಎಂದು ಬೈದರೆ ಬ್ರಷ್ಷನ್ನು ಬಾಯಲ್ಲಿ ಕಚ್ಚಿಕೊಂಡು ಎರಡೂ ಕೈ ಬಿಡುವು ಮಾಡಿಕೊಳ್ಳುತ್ತಾಳೆ. ಇಂಥವಳ ಬಗ್ಗೆ ದೊಡ್ಡಾಸ್ಪತ್ರೆಯ ಕಿವಿ ಡಾಕ್ಟರು ಒಂದು ಹಾಳೆಯಲ್ಲಿ "ಭಾಷೆ: ಇಲ್ಲ" ಎಂದು ಬರೆದು, ಸಹಿ ಹಾಕಿ, ಸೀಲು ಒತ್ತಿ ಕೊಟ್ಟರು.

ಮೊದಲೇ ಹೇಳಿಬಿಡುತ್ತೇನೆ. ನಾನು ಕಿವುಡಿ, ನನ್ನ ಗಂಡ ಕಿವುಡ, ಮಗಳೂ ಕಿವುಡಿ. ಇಷ್ಟು ಹೇಳಿದ ಕೂಡಲೇ ಜನ ಲೊಚಗುಟ್ಟುತ್ತಾರೆ. ಸದ್ದು ನನಗೆ ಕೇಳುವುದಿಲ್ಲ, ಮುಖ ಮಾತ್ರ ಕಾಣುತ್ತದೆ. ದಯವಿಟ್ಟು ಲೊಚಗುಟ್ಟಬೇಡಿ, ನಮ್ಮ ಮನೆಯಲ್ಲಿ ಯಾರೂ ಸತ್ತಿಲ್ಲ. ಮನೆಯಲ್ಲಿ ಕೇಳಿಸುವವರು ಅತ್ತೆ ಒಬ್ಬರೇ, ಎಲ್ಲರಿಗಿಂತ ಕಡಿಮೆ ಮಾತಾಡುವವರೂ ಅವರೇ. ಈ ಕತೆಯಲ್ಲಿ ನಾನು "ಹೇಳಿದೆ" ಎಂದಲ್ಲೆಲ್ಲ ಕೈಯಲ್ಲಿ ಹೇಳಿದೆ ಎಂದು ತಿಳಿಯಿರಿ. ಡಾಕ್ಟರ ಮಾತನ್ನು ನನ್ನ ಕೈಗೆ, ನನ್ನ ಮಾತನ್ನು ಡಾಕ್ಟರ ಕಿವಿಗೆ ದಾಟಿಸಿದವರು ಅತ್ತೆ. ಅವರ ಕೈಮಾತು ಕುಂಟುತ್ತದೆ, ಆದರೂ ಮುಟ್ಟಬೇಕಾದಲ್ಲಿಗೆ ಮುಟ್ಟುತ್ತದೆ.

ನಮ್ಮವರಲ್ಲಿ ಹೆಸರು ಇಡುವುದು ಕಣ್ಣಿಗೆ ಕಂಡದ್ದನ್ನು ನೋಡಿ. ಮಗಳ ಕೆನ್ನೆಯಲ್ಲಿ ಗುಳಿ ಬೀಳುತ್ತದೆ. ಕೆನ್ನೆಗೆ ತೋರುಬೆರಳು ಒತ್ತಿದರೆ ಅದೇ ಅವಳ ಹೆಸರು, ಗುಳಿ. ನಾನು ಪ್ರೆಸ್ಸಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವವಳು. ಹೆಬ್ಬೆರಳಿಗೆ ತೋರುಬೆರಳು ಅಂಟಿಸಿ ಬಿಡಿಸಿದರೆ ನಾನು, ಅಂಟು. ಕೆಲಸದಿಂದ ಬಂದ ಹೆಸರು ಅಂತ ನಾನು ಹೇಳುತ್ತೇನೆ. ಜಗಳ ಹಿಡಿದರೆ ಬಿಡದ್ದಕ್ಕೆ ಬಂದದ್ದು ಅಂತ ಗಂಡ ಹೇಳುತ್ತಾನೆ. ಡಾಕ್ಟರು ಕಿವಿಯ ಸಂದಿಗೆ ಪೆನ್ನು ಸಿಕ್ಕಿಸಿಕೊಂಡು ಓಡಾಡುವವರು. ಗುಳಿ ಅವರಿಗೆ ಪೆನ್ನುಕಿವಿ ಅಂತ ಹೆಸರಿಟ್ಟಿದ್ದಳು.

ಆ ಹಾಳೆಯಲ್ಲಿ ಇನ್ನೂ ಮೂರು ಸಾಲುಗಳಿದ್ದವು. "ಯಂತ್ರ ಹಾಕಿದಾಗ: ಚೆನ್ನಾಗಿ ಕೇಳಿಸುತ್ತದೆ. ಬುದ್ಧಿಯ ಬೆಳವಣಿಗೆ: ಕುಂಠಿತ. ಶಿಫಾರಸು: ವಿಶೇಷ ತರಗತಿ." ಅವರ ಲೆಕ್ಕಾಚಾರ ಹೀಗಿತ್ತು: ನಾಲ್ಕು ವರ್ಷದಿಂದ ಮಗುವಿನ ಕಿವಿಗೆ ಯಂತ್ರ ಹಾಕಿದ್ದೇವೆ, ಪರೀಕ್ಷೆಯಲ್ಲಿ ಪ್ರತಿ ಸಲ ಪಿಸುಮಾತಿನಷ್ಟು ಸಣ್ಣ ಸದ್ದಿಗೂ ಉತ್ತರ ಕೊಟ್ಟಿದೆ, ಆದರೂ ಬಾಯಲ್ಲಿ ಒಂದು ಪದ ಇಲ್ಲ. ಕೇಳಿಸಿಯೂ ಮಾತು ಬರಲಿಲ್ಲ ಎಂದರೆ ತಪ್ಪು ತಲೆಯಲ್ಲೇ ಇರಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು.

"ಅವಳಿಗೆ ಕೇಳಿಸೋದಿಲ್ಲ," ಎಂದು ನಾನು ಹೇಳಿದೆ. "ಪಕ್ಕದಲ್ಲಿ ಪಾತ್ರೆ ಬಿದ್ದರೂ ತಿರುಗಲ್ಲ. ಯಂತ್ರ ಹಾಕಿದ್ರೂ ಅಷ್ಟೇ, ಹಾಕದಿದ್ರೂ ಅಷ್ಟೇ."

ಪೆನ್ನುಕಿವಿ ನಕ್ಕು, ನನ್ನನ್ನು ನೋಡದೆ ಅತ್ತೆಗೆ ಹೇಳಿದರು: "ತಾಯಿಗೆ ಹೇಳಿ. ಪಾತ್ರೆ ಬಿದ್ದದ್ದು ಅವರಿಗೇ ಕೇಳಿಸಲ್ವಲ್ಲ, ಮಗುಗೆ ಕೇಳಿಸಿಲ್ಲ ಅಂತ ಹೇಗೆ ಗೊತ್ತು?"

ಅತ್ತೆ ಇದನ್ನು ನನಗೆ ದಾಟಿಸುವಾಗ ಕಣ್ಣು ತಗ್ಗಿಸಿದ್ದರು. ಅವರಿಗೂ ಒಳಗೊಳಗೆ ಆಸೆ ಇತ್ತು. ಅವರು ಕರೆದಾಗ ಮೊಮ್ಮಗಳು ತಿರುಗುತ್ತಾಳೆ ಎಂದು ನಂಬಿದ್ದರು. ಕರೆಯುವಾಗ ತಾವು ನೆಲಕ್ಕೆ ಕಾಲು ಬಡಿಯುತ್ತೇವೆ, ಅದು ಗುಳಿಯ ಅಂಗಾಲಿಗೆ ತಿಳಿಯುತ್ತದೆ ಎಂಬುದು ಅವರಿಗೆ ಹೊಳೆದೇ ಇರಲಿಲ್ಲ.

ಕಾಗದ ಹಿಡಿದು ಕಿವುಡ ಮಕ್ಕಳ ಶಾಲೆಗೆ ಹೋದೆ. ನಾನೂ ನನ್ನ ಗಂಡನೂ ಓದಿದ ಶಾಲೆ ಅದು. ಅಲ್ಲಿಯ ದೊಡ್ಡ ಟೀಚರಿಗೆ ನಮ್ಮ ಭಾಷೆ ನೀರು ಕುಡಿದಷ್ಟು ಸಲೀಸು. ಗುಳಿ ಒಳಗೆ ಹೋದವಳೇ ಅವರ ಕುರ್ಚಿಯ ಒಂದು ಕಾಲು ಗಿಡ್ಡವಾಗಿದೆ, ನಮ್ಮಪ್ಪ ಬಡಗಿ, ಕರೆಸಿದರೆ ಸರಿಮಾಡುತ್ತಾರೆ, ಆದರೆ ಇವತ್ತು ಬರಲ್ಲ, ಬೇರೆಯವರ ಬಾಗಿಲು ಕೂರಿಸಲು ಹೋಗಿದ್ದಾರೆ ಎಂದು ಒಂದೇ ಉಸಿರಿಗೆ ಹೇಳಿದಳು. ದೊಡ್ಡ ಟೀಚರು ಅವಳನ್ನು ನೋಡಿದರು, ಕಾಗದ ನೋಡಿದರು, ಹಣೆ ಚಚ್ಚಿಕೊಂಡರು.

"ಇವಳಿಗೆ ಭಾಷೆ ಇಲ್ವಂತಾ? ಇವಳ ಬಾಯಿ ಮುಚ್ಚಿಸೋಕೆ ಇಬ್ಬರು ಟೀಚರು ಬೇಕು," ಎಂದರು. "ಆದ್ರೆ ಏನ್ ಮಾಡ್ಲಿ ಅಂಟು, ಬುದ್ಧಿ ಕುಂಠಿತ ಅಂತ ಕಾಗದದಲ್ಲಿ ಇದ್ರೆ ನಾನು ಸೇರಿಸ್ಕೊಳ್ಳೋ ಹಾಗಿಲ್ಲ. ಅದೇ ಸೀಲಿರೋ ಬೇರೆ ಕಾಗದ ತಗೊಂಡು ಬಾ. ಶನಿವಾರಕ್ಕೆ ಪಟ್ಟಿ ಮುಚ್ಚುತ್ತೆ."

ಇಲ್ಲದಿದ್ದರೆ ವಿಶೇಷ ತರಗತಿ. ನಾನು ಅದನ್ನೂ ಹೋಗಿ ನೋಡಿ ಬಂದೆ. ಒಳ್ಳೆಯ ಹೆಂಗಸೊಬ್ಬರು ನಡೆಸುತ್ತಾರೆ, ಕೋಣೆ ಸ್ವಚ್ಛವಾಗಿದೆ. ಮಕ್ಕಳು ಬೆಳಿಗ್ಗೆಯಿಂದ ಸಂಜೆವರೆಗೆ ಮಣಿ ಪೋಣಿಸುತ್ತಾರೆ. ಕೈಮಾತು ಬಲ್ಲವರು ಒಬ್ಬರೂ ಇಲ್ಲ.

ಭಾಷೆ ಇಲ್ಲ ಎಂದರೆ ಏನು ಎಂದು ನನಗೆ ಗೊತ್ತು. ನನ್ನ ಅಪ್ಪ ಅಮ್ಮ ಕೇಳಿಸುವವರು, ಕೈಮಾತು ಕಲಿಯಬೇಡಿ ಎಂದು ಅವರಿಗೆ ಆಗಿನ ಡಾಕ್ಟರು ಹೇಳಿದ್ದರಂತೆ. ಏಳು ವರ್ಷ ನಾನು ಎಲ್ಲರ ತುಟಿ ನೋಡುತ್ತ ಕೂತೆ. ಅಜ್ಜ ಸತ್ತಾಗ ಅವರು ಎಲ್ಲಿಗೆ ಹೋದರು ಎಂದು ಕೇಳುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಆ ಶಾಲೆಗೆ ಸೇರಿದ ಮೊದಲ ದಿನ ಅಂಗಳದ ತುಂಬ ಹಾರಾಡುತ್ತಿದ್ದ ಕೈಗಳನ್ನು ಕಂಡು ಹೆದರಿ ಕಂಬ ತಬ್ಬಿಕೊಂಡಿದ್ದೆ. ತಿಂಗಳು ಕಳೆಯುವಷ್ಟರಲ್ಲಿ ನನಗೆ ಬೈಯುವುದಕ್ಕೂ ಬರುತ್ತಿತ್ತು. ನನ್ನ ಮಗಳು ಹುಟ್ಟಿದ ದಿನದಿಂದ ಮಾತಿನಲ್ಲೇ ಬೆಳೆದವಳು. ಅವಳನ್ನು ನಾನು ಕಳೆದ ಆ ಏಳು ವರ್ಷದೊಳಗೆ ತಳ್ಳುವುದಕ್ಕೆ ನಾನು ಬದುಕಿರುವವರೆಗೆ ಬಿಡುವುದಿಲ್ಲ ಎಂದುಕೊಂಡೆ.

ಶುಕ್ರವಾರ ಬೆಳಿಗ್ಗೆ ಪ್ರೆಸ್ಸಿಗೆ ರಜೆ ಹಾಕಿ, ಅತ್ತೆಯನ್ನೂ ಗುಳಿಯನ್ನೂ ಕರೆದುಕೊಂಡು ಆಸ್ಪತ್ರೆಯಲ್ಲಿ ಕೂತೆ. ಮತ್ತೆ ಪರೀಕ್ಷೆ ಮಾಡಿ, ನಾನು ನೋಡಬೇಕು ಎಂದು ಚೀಟಿ ಬರೆದು ಕಳಿಸಿದೆ. ಇದುವರೆಗೆ ಪರೀಕ್ಷೆಯ ಕೋಣೆಗೆ ಕೇಳಿಸುವವರನ್ನು ಮಾತ್ರ ಬಿಡುತ್ತಿದ್ದರು. ಪ್ರತಿ ಸಲವೂ ಅತ್ತೆ ಒಳಗೆ, ನಾನು ಹೊರಗಿನ ಬೆಂಚಿನ ಮೇಲೆ. ಈ ಸಲ ನಾನು ಬಾಗಿಲಿಗೆ ಅಡ್ಡ ನಿಂತೆ. ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ನಾನು ಮಾತೂ ಬಲ್ಲೆ, ಜಗಳವೂ ಬಲ್ಲೆ. ಹಿಂದೆ ಕಾಯುತ್ತಿದ್ದವರ ಸಾಲು ಬೆಳೆದದ್ದು ನೋಡಿ ಪೆನ್ನುಕಿವಿ ಒಳಗೆ ಬಿಟ್ಟರು.

ಸದ್ದು ಹೊಗದ ಕೋಣೆ ಅದು. ಗೋಡೆಗೆ ತೂತು ತೂತಾದ ಮೆತ್ತನೆಯ ಹಲಗೆ, ಗೇಣು ದಪ್ಪದ ಬಾಗಿಲು, ಒಂದು ಕಡೆ ಎರಡು ಪದರದ ಗಾಜು. ಗುಳಿ ಒಳಗೆ ಪುಟ್ಟ ಕುರ್ಚಿಯ ಮೇಲೆ ಕೂತಳು, ಮುಂದೆ ಬಣ್ಣದ ಮರದ ದಿಮ್ಮಿಗಳು, ಒಂದು ಬಕೆಟ್ಟು. ಸದ್ದು ಕೇಳಿಸಿದಾಗಲೆಲ್ಲ ಒಂದು ದಿಮ್ಮಿಯನ್ನು ಬಕೆಟ್ಟಿಗೆ ಹಾಕಬೇಕು. ಗಾಜಿನ ಆಚೆ ಯಂತ್ರದ ಮುಂದೆ ಪರೀಕ್ಷೆ ಮಾಡುವ ಹುಡುಗಿ. ನಾಲ್ಕು ವರ್ಷದಿಂದ ಅದೇ ಹುಡುಗಿ, ನಗುಮುಖದವಳು, ಗುಳಿಗೆ ಅವಳೆಂದರೆ ಇಷ್ಟ. ನಾನು ಗುಳಿಯ ಹಿಂದೆ ನಿಂತು ನೋಡಿದೆ.

ಹುಡುಗಿ ಗುಂಡಿ ಒತ್ತಿದಳು. ಗುಳಿ ದಿಮ್ಮಿ ಹಾಕಿದಳು. ಒತ್ತಿದಳು, ಹಾಕಿದಳು. ಆರನೆಯ ಸಲಕ್ಕೆ ನನಗೆ ಎಲ್ಲ ಗೊತ್ತಾಗಿ, ಗೋಡೆ ಹಿಡಿದುಕೊಂಡು ನಕ್ಕೆ.

ಗುಂಡಿ ಒತ್ತಿದ ಕೂಡಲೇ ಆ ಹುಡುಗಿ ಗುಳಿಯ ಮುಖ ನೋಡಿ, ಕೇಳಿಸ್ತಾ ಪುಟ್ಟಿ ಎಂಬ ಆಸೆಯಿಂದ ಹುಬ್ಬು ಎತ್ತುತ್ತಿದ್ದಳು. ಅದು ಅವಳಿಗೇ ಗೊತ್ತಿಲ್ಲ. ನಮ್ಮ ಮನೆಗಳಲ್ಲಿ ಯಾರಾದರೂ ನಮ್ಮನ್ನು ನೋಡಿ ಹುಬ್ಬೆತ್ತಿದರೆ ಉತ್ತರ ಕೊಡಲೇಬೇಕು, ಸುಮ್ಮನಿದ್ದರೆ ಸೊಕ್ಕು ಅನ್ನುತ್ತಾರೆ. ಇಷ್ಟು ಮರ್ಯಾದೆಯನ್ನು ನಾನೇ ಅವಳಿಗೆ ಎರಡು ವರ್ಷ ತುಂಬುವ ಮೊದಲು ಕಲಿಸಿದ್ದೆ. ಪರೀಕ್ಷೆಯ ಅಕ್ಕ ಹುಬ್ಬೆತ್ತಿ ಕೇಳುತ್ತಾಳೆ, ಗುಳಿ ದಿಮ್ಮಿ ಹಾಕಿ ಉತ್ತರ ಕೊಡುತ್ತಾಳೆ. ನಾಲ್ಕು ವರ್ಷ ಅವರು ಅಳೆದದ್ದು ನನ್ನ ಮಗಳ ಕಿವಿಯನ್ನಲ್ಲ, ಅವಳ ಮರ್ಯಾದೆಯನ್ನು.

ನಾನು ಹೊರಗೆ ಬಂದು ಮೇಜಿನ ಮೇಲಿದ್ದ ಫೈಲು ತೆಗೆದು ಹುಡುಗಿಯ ಕೈಗೆ ಕೊಟ್ಟೆ, ಮುಖಕ್ಕೆ ಅಡ್ಡ ಹಿಡಿ ಎಂದು ತೋರಿಸಿದೆ. ಅವಳು ಡಾಕ್ಟರನ್ನು ನೋಡಿದಳು. ಅವರು ಆಗಲಿ ಎಂದರು. ಹುಡುಗಿ ಫೈಲಿನ ಹಿಂದೆ ಅಡಗಿ ಗುಂಡಿ ಒತ್ತಿದಳು. ಗುಳಿ ದಿಮ್ಮಿ ಹಿಡಿದು ಕೂತೇ ಇದ್ದಳು. ಸದ್ದನ್ನು ಏರಿಸುತ್ತಾ ಹೋದರು. ನನ್ನ ಬದಲಿಗೆ ಒಳಗೆ ಹೋಗಿ ನಿಂತಿದ್ದ ಅತ್ತೆ ಕಿವಿ ಮುಚ್ಚಿಕೊಂಡರು. ಗುಳಿ ಮಾತ್ರ ಅಕ್ಕ ಯಾಕೆ ಕಣ್ಣಾಮುಚ್ಚಾಲೆ ಆಡುತ್ತಿದ್ದಾಳೆ ಎಂದು ನನ್ನನ್ನು ಕೇಳಿದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಪೆನ್ನುಕಿವಿಯ ಮುಖ ಇಳಿದುಹೋಯಿತು. ಅವರು ಕೆಟ್ಟವರಲ್ಲ, ಅದನ್ನು ನಾನು ಹೇಳಲೇಬೇಕು. ನಾಲ್ಕು ವರ್ಷದ ಹಾಳೆಗಳನ್ನೆಲ್ಲ ಒಂದೊಂದಾಗಿ ತಿರುವಿ ನೋಡಿ, ಕುರ್ಚಿ ಎಳೆದು ಕೂತರು. ಹುಡುಗಿಯನ್ನು ಬೈಯಲಿಲ್ಲ. "ನಾನೇ ನೋಡಬೇಕಿತ್ತು," ಎಂದರು.

ಗೆದ್ದೆ ಎಂದುಕೊಂಡೆ ನಾನು. ಅಷ್ಟರಲ್ಲಿ, ಗುಳಿಯ ಜೊತೆ ಹೊರಗೆ ಬಂದು ನನ್ನ ಪಕ್ಕ ಕೂತಿದ್ದ ಅತ್ತೆಯ ಕಡೆ ಅವರು ತಿರುಗಿದರು. "ತಾಯಿಗೆ ಹೇಳಿ. ನನಗೆ ತುಂಬ ಬೇಜಾರಾಗಿದೆ. ಈ ಮಗು ಇಷ್ಟು ವರ್ಷ ಏನೂ ಕೇಳಿಸ್ಕೊಂಡಿಲ್ಲ. ಏನೂ ಕೇಳಿಸದೆ ಇದ್ರೆ ಭಾಷೆ ಎಲ್ಲಿಂದ ಬರಬೇಕು, ಪಾಪ. ಭಾಷೆ ಇಲ್ಲದೆ ಬುದ್ಧಿ ಹೇಗೆ ಬೆಳೀಬೇಕು? ಕಾಗದದಲ್ಲಿ ಒಂದು ಸಾಲು ತಪ್ಪಿದೆ. ಉಳಿದದ್ದು ಸರಿಯಾಗೇ ಇದೆ."

ಅತ್ತೆ ಇದನ್ನು ನನಗೆ ದಾಟಿಸಲಿಲ್ಲ. ನಾನು ತುಟಿಯಲ್ಲೇ ಅರ್ಧ ಓದಿದ್ದೆ. ಕೋಪ ನೆತ್ತಿಗೇರಿತ್ತು. ಆದರೆ ಅತ್ತೆ ನನಗಿಂತ ಮೊದಲು ಎದ್ದರು. ಮೂವತ್ತೈದು ವರ್ಷ ಕಿವುಡ ಮಗನನ್ನು ಸಾಕಿ ಯಾವ ಡಾಕ್ಟರಿಗೂ ಎದುರಾಡದ ಹೆಂಗಸು ಅವರು. ಬಾಯಲ್ಲೂ ಕೈಯಲ್ಲೂ ಒಟ್ಟಿಗೇ ಹೇಳಿದರು, ನನಗೂ ಕಾಣಲಿ ಎಂದು.

"ಸಾರ್, ತಾಯಿಗೆ ಹೇಳಿ ತಾಯಿಗೆ ಹೇಳಿ ಅಂತ ನನಗೆ ಹೇಳ್ತಿದೀರಿ. ತಾಯಿ ಇಲ್ಲೇ ಕೂತಿದಾಳೆ. ಅವಳ ಮುಖ ನೋಡ್ಕೊಂಡು ಹೇಳಿ. ಅವಳು ಹೇಳೋದನ್ನೂ ಕೇಳಿ."

ಪೆನ್ನುಕಿವಿ ಮೊದಲ ಸಲ ನನ್ನ ಕಡೆ ಪೂರ್ತಿ ತಿರುಗಿದರು. ನಾನು ಚೀಟಿ ಬರೆದೆ. "ನೀವೂ ಗುಳಿಯೂ ಒಳಗೆ ಹೋಗಿ. ನಾನು ಗಾಜಿನ ಈಚೆ. ನನಗೆ ಕಾಣದ ಹಾಗೆ ಅವಳಿಗೆ ಏನಾದರೂ ತೋರಿಸಿ. ಅವಳು ನನಗೆ ಹೇಳುತ್ತಾಳೆ, ನಾನು ಬರೆಯುತ್ತೇನೆ."

ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮೂಲೆಯ ಕಪಾಟಿನ ಮರೆಗೆ ಗುಳಿಯನ್ನು ಕರೆದು ಏನೋ ಮಾಡಿದರು. ಆಮೇಲೆ ಗಾಜಿನ ಹತ್ತಿರ ಬಂದು ನಮ್ಮ ಕಡೆ ಏನೋ ಹೇಳಿದರು, ಬಾಯಿ ತೆರೆಯಿತು, ಮುಚ್ಚಿತು. ಮೈಕು ಹಾಕಿರಲಿಲ್ಲ. ಹುಡುಗಿ ಕಿವಿಗೆ ಕೈ ಇಟ್ಟು ಏನೂ ಕೇಳಿಸುತ್ತಿಲ್ಲ ಎಂದು ತಲೆಯಾಡಿಸಿದಳು. ಅತ್ತೆಗೂ ಕೇಳಿಸಲಿಲ್ಲ. ಅಲ್ಲಿದ್ದ ಐದು ಜನರಲ್ಲಿ ಆ ಹೊತ್ತಿಗೆ ಆರಾಮಾಗಿ ಮಾತಾಡಿಕೊಂಡಿದ್ದವರು ನಾನೂ ನನ್ನ ಮಗಳೂ ಮಾತ್ರ.

"ಇವರು ಯಾಕೆ ಸುಮ್ನೆ ಬಾಯಿ ಆಡಿಸ್ತಿದಾರೆ?" ಎಂದು ಗುಳಿ ಕೇಳಿದಳು.

"ಅಭ್ಯಾಸ. ನೀನು ಕಂಡಿದ್ದು ಹೇಳು."

ಅವಳು ಹೇಳಿದ್ದನ್ನು ನಾನು ಬರೆದೆ: "ಬೂಟು ಕಳಚಿ, ಕೈಗಡಿಯಾರ ಬಿಚ್ಚಿ ಎಡಗಾಲಿನ ಕಾಲುಚೀಲದೊಳಗೆ ಹಾಕಿಕೊಂಡರು. ಆಮೇಲೆ ಮನಸ್ಸು ಬದಲಾಯಿಸಿ ಬಲಗಾಲಿಗೆ ಹಾಕಿದರು. ಬಲಗಾಲಿನ ಚೀಲದ ಹೆಬ್ಬೆರಳ ಹತ್ತಿರ ತೂತು ಬಿದ್ದು ಹೊಲಿದಿದ್ದಾರೆ. ಚೀಲ ಕಪ್ಪು, ಹೊಲಿದ ದಾರ ನೀಲಿ. ಯಾರು ಹೊಲಿದರೋ, ಚೆನ್ನಾಗಿ ಹೊಲಿದಿಲ್ಲ."

ಪೆನ್ನುಕಿವಿ ಹೊರಗೆ ಬಂದು ಓದಿ ಕೆಂಪಾದರು. ಹುಡುಗಿ ಮತ್ತೆ ಫೈಲಿನ ಹಿಂದೆ ಅಡಗಿದಳು, ಈ ಸಲ ನಗು ತಡೆಯಲಾರದೆ.

"ಸರಿ," ಎಂದರು ಅವರು, ನನ್ನನ್ನೇ ನೋಡಿ, ನಿಧಾನವಾಗಿ. "ಆದ್ರೆ ಅಮ್ಮ, ಇದನ್ನ ನಟನೆ ಅಂತಲೂ ಹೇಳಬಹುದು. ಕಣ್ಣಿಗೆ ಕಂಡದ್ದನ್ನ ಕೈಯಲ್ಲಿ ಮಾಡಿ ತೋರಿಸೋದು. ಭಾಷೆ ಅಂದ್ರೆ ಎದುರಿಗೆ ಇಲ್ಲದ್ದನ್ನೂ ಹೇಳೋಕೆ ಬರಬೇಕು. ನಿನ್ನೆದು. ಮನಸ್ಸಿನೊಳಗಿಂದು."

ಪ್ರಶ್ನೆ ನ್ಯಾಯವಾದದ್ದೇ. ಮೂವತ್ತು ವರ್ಷದಿಂದ ಕಿವಿ ನೋಡುತ್ತಿರುವ ಡಾಕ್ಟರ ಬಾಯಲ್ಲಿ ಅಂಥ ಪ್ರಶ್ನೆ ಬಂದದ್ದು ನೋಡಿ ನನ್ನ ಕೋಪ ಅರ್ಧ ಇಳಿಯಿತು. ಕೇಳಿ ಎಂದೆ. ಅವರು ಕಿವಿಯಿಂದ ಪೆನ್ನು ತೆಗೆದು ಯೋಚಿಸಿ ಯೋಚಿಸಿ ಬರೆದು ಕೊಟ್ಟರು: "ನಾನು ಕನ್ನಡಕ ತೆಗೆದು ಕೂತರೆ ಕೆಂಪು ದಿಮ್ಮಿಯನ್ನು ನನ್ನ ಜೇಬಿಗೆ ಹಾಕಬೇಕು. ತೆಗೆಯದೆ ಕೂತರೆ ಯಾವುದನ್ನೂ ಮುಟ್ಟಬಾರದು. ನಿನ್ನೆ ಮನೆಯಲ್ಲಿ ಯಾರಿಗೆ ಸಿಟ್ಟು ಬಂತು, ಯಾಕೆ ಬಂತು ಎಂದು ಹೇಳಬೇಕು." ಅವರು ಒಳಗೆ ಹೋದರು. ನಾನು ಗಾಜಿನ ಈಚೆಯಿಂದ ಗುಳಿಗೆ ಒಂದೇ ಸಲ ಹೇಳಿದೆ. ಅವಳು ತಲೆಯಾಡಿಸಿದಳು.

ಪೆನ್ನುಕಿವಿ ಕನ್ನಡಕಕ್ಕೆ ಕೈ ಹಾಕಿದರು. ಗುಳಿಯ ಕೈ ಕೆಂಪು ದಿಮ್ಮಿಯ ಹತ್ತಿರ ಹೋಗಿ ನಿಂತಿತು. ಅವರು ಕನ್ನಡಕವನ್ನು ಮೂಗಿನ ತುದಿವರೆಗೆ ಜಾರಿಸಿ ಮತ್ತೆ ಮೇಲೆ ತಳ್ಳಿದರು. ಗುಳಿ ಬೆರಳು ಅಲ್ಲಾಡಿಸಿದಳು, ಇದೆಲ್ಲ ನನ್ನ ಹತ್ತಿರ ನಡೆಯೋದಿಲ್ಲ ಎಂಬಂತೆ. ಅವರು ಕನ್ನಡಕ ಹಾಕಿಕೊಂಡೇ ಕೂತರು. ಗುಳಿ ಎರಡೂ ಕೈ ಹಿಂದಕ್ಕೆ ಎಳೆದುಕೊಂಡು ನನ್ನ ಕಡೆ ತಿರುಗಿದಳು.

ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದೆ. ಬರೆದದ್ದನ್ನು ಅತ್ತೆಯ ಕೈಗೆ ಕೊಟ್ಟೆ. ಪೆನ್ನುಕಿವಿ ಹೊರಗೆ ಬಂದ ಮೇಲೆ ಅತ್ತೆ ಗಟ್ಟಿಯಾಗಿ ಓದಿದರು:

"ನಿನ್ನೆ ಅಜ್ಜಿಗೆ ಸಿಟ್ಟು ಬಂತು. ಅಮ್ಮ ಡಾಕ್ಟರ ಪೆನ್ನು ಮುರೀತೀನಿ ಅಂದಿದ್ದಕ್ಕೆ. ಆದ್ರೆ ಅಜ್ಜಿಗೆ ನಿಜವಾಗ್ಲೂ ಬಂದಿದ್ದು ಸಿಟ್ಟಲ್ಲ, ಹೆದರಿಕೆ. ಅಡುಗೆಮನೆಯಲ್ಲಿ ಗೋಡೆ ಕಡೆ ಮುಖ ಮಾಡ್ಕೊಂಡು ಅತ್ತರು. ನಾನು ಹಿಂದಿನಿಂದ ನೋಡಿದೆ, ಭುಜ ಅಲ್ಲಾಡ್ತಿತ್ತು. ನನ್ನನ್ನ ಮಣಿ ಪೋಣಿಸೋಕೆ ಕಳಿಸಿಬಿಡ್ತಾರೆ ಅಂತ ಅವರಿಗೆ ಹೆದರಿಕೆ. ನಾನು ನೋಡಿದ್ದು ಹೇಳಿದ್ರೆ ಅವರಿಗೆ ನಾಚಿಕೆ ಆಗುತ್ತೆ ಅಂತ ಯಾರಿಗೂ ಹೇಳಿಲ್ಲ. ಈಗ ಡಾಕ್ಟರು ಕೇಳಿದ್ರು ಅಂತ ಹೇಳ್ತಿದೀನಿ."

ಓದಿ ಮುಗಿಸಿ ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ನಾನು ಅತ್ತಿದ್ದು ಇವಳಿಗೂ ಗೊತ್ತಿಲ್ಲ ಸಾರ್," ಎಂದು ನನ್ನ ಕಡೆ ಬೆರಳು ತೋರಿಸಿದರು. "ನನ್ನ ಮಗನಿಗೂ ಗೊತ್ತಿಲ್ಲ. ದೇವರಾಣೆ ಯಾರಿಗೂ ಗೊತ್ತಿಲ್ಲ."

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಪೆನ್ನುಕಿವಿ ಚೀಟಿಯನ್ನು ಇಸಿದುಕೊಂಡು ತಾವೇ ಇನ್ನೊಮ್ಮೆ ಓದಿದರು. ನನ್ನ ಎದೆ ಹೇಗೆ ಉಬ್ಬಿತ್ತೆಂದರೆ ಅಲ್ಲೇ ನಿಂತು ಕುಣಿಯಬೇಕು ಅನ್ನಿಸಿತು. ಅತ್ತೆ ಅಳುತ್ತಿದ್ದರಿಂದ ಕುಣಿಯಲಿಲ್ಲ, ಅವರನ್ನು ಗಟ್ಟಿಯಾಗಿ ತಬ್ಬಿಕೊಂಡೆ.

ಆಮೇಲೆ ಪೆನ್ನುಕಿವಿ ಹಳೆಯ ಹಾಳೆಯನ್ನು ಉದ್ದಕ್ಕೆ ಹರಿದರು, ಅಡ್ಡಕ್ಕೂ ಹರಿದರು. ಹೊಸ ಹಾಳೆ ಎಳೆದುಕೊಂಡು ಬರೆಯಲು ಕೂತವರು ನಡುವೆ ತಲೆಯೆತ್ತಿ ಕೇಳಿದರು: "ಕೇಳಿಸೋದರ ಬಗ್ಗೆ ನಾವು ಇನ್ನೂ ಮಾತಾಡಬೇಕು. ಬೇರೆ ಯಂತ್ರ ಇದೆ, ಬೇರೆ ದಾರಿ ಇದೆ. ಬರ್ತೀರಲ್ಲ?"

"ಬರ್ತೀವಿ," ಎಂದೆ. "ಮಾತಾಡೋಣ. ಅವಳೂ ಮಾತಾಡ್ತಾಳೆ. ಅವಳ ಕಿವಿ ಅಲ್ವಾ."

ಅತ್ತೆ ಇದನ್ನು ದಾಟಿಸುವಾಗ ಒಂದು ಪದವನ್ನೂ ನುಂಗಲಿಲ್ಲ. ಪೆನ್ನುಕಿವಿ ನಕ್ಕರು. ಬರೆದು ಮುಗಿಸಿ, ಸಹಿ ಹಾಕಿ, ಸೀಲು ಒತ್ತಿ, ಎದ್ದು ನಿಂತು ಎರಡೂ ಕೈಯಲ್ಲಿ ಹಿಡಿದು ಕಾಗದವನ್ನು ನನಗೇ ಕೊಟ್ಟರು. ಹೊರಗಿನ ಬೆಂಚಿನ ಮೇಲೆ ಕೂತು ಓದಿದೆ. ಬುದ್ಧಿಯ ಸಾಲಿನಲ್ಲಿ "ವಯಸ್ಸಿಗಿಂತ ಮುಂದೆ" ಎಂದಿತ್ತು. ಶಿಫಾರಸಿನ ಸಾಲಿನಲ್ಲಿ ನಮ್ಮ ಶಾಲೆಯ ಹೆಸರಿತ್ತು. ಭಾಷೆಯ ಸಾಲಿಗೆ ಜಾಗ ಸಾಲದೆ ಪಕ್ಕದ ಅಂಚಿನಲ್ಲೂ ಬರೆದಿದ್ದರು: "ಇದೆ. ಸಂಜ್ಞಾ ಭಾಷೆ. ತಾಯಿಯ ನೆರವಿನಿಂದ ಪರೀಕ್ಷಿಸಲಾಗಿದೆ. ಪರೀಕ್ಷಿಸಿದ ವೈದ್ಯರಿಗೆ ಈ ಭಾಷೆ ಬರುವುದಿಲ್ಲ."

ಕೊನೆಯ ಸಾಲನ್ನು ಎರಡು ಸಲ ಓದಿದೆ. ಅದರ ಮೇಲೇ ಸೀಲು ಬಿದ್ದಿತ್ತು. ಶಾಲೆಯ ಪಟ್ಟಿ ಮುಚ್ಚಲು ಇನ್ನೂ ಒಂದು ದಿನ ಇತ್ತು, ಬಸ್ಸಿಗೆ ಹತ್ತು ನಿಮಿಷ ಇತ್ತು. ಗುಳಿ ನನ್ನ ಮೊಣಕೈ ಎಳೆದಳು.

"ಏನು ಬರೆದಿದಾರೆ?"

"ನಿನಗೆ ಭಾಷೆ ಬರುತ್ತೆ, ಡಾಕ್ಟರಿಗೆ ಬರಲ್ಲ ಅಂತ ಬರೆದಿದಾರೆ."

ಗುಳಿ ಕಾಗದವನ್ನು ನೋಡಿದಳು, ಬಾಗಿಲ ಕಡೆ ನೋಡಿದಳು, ನನ್ನನ್ನು ನೋಡಿದಳು.

"ಇಷ್ಟು ಹೇಳೋಕೆ ಅವರಿಗೆ ನಾಲ್ಕು ವರ್ಷ ಬೇಕಾಯ್ತಾ?" ಎಂದಳು.